ಮೊಸರುಂಡು ಗುಣವಾದ ಅನಂತಲಕ್ಷ್ಮಿ

ಕಾಯಿಲೆ ಎಂದಮೇಲೆ ಅದಕ್ಕೊಂದು ಮರ್ಯಾದೆ ಇರಬೇಕು. ಜ್ವರವಾದರೆ ಮೈ ಸುಡುತ್ತದೆ, ಕೆಮ್ಮಾದರೆ ಪಕ್ಕದ ಮನೆಗೂ ಕೇಳಿಸುತ್ತದೆ, ಕಾಮಾಲೆಯಾದರೆ ಕಣ್ಣೇ ಹಳದಿಯಾಗಿ ಸಾಕ್ಷಿ ಹೇಳುತ್ತದೆ. ಬಸವೇಶ್ವರನಗರದ ಅನಂತಲಕ್ಷ್ಮಿಗೆ ಬಂದ ಕಾಯಿಲೆ ಮಾತ್ರ ಇಂಥ ಒಂದು ಸಾಕ್ಷಿಯನ್ನೂ ಜೊತೆಗೆ ಕರೆತರಲಿಲ್ಲ. ಮೈಯೆಲ್ಲ ನೋವು, ಅಷ್ಟೇ. ಬೆಳಿಗ್ಗೆ ಕಣ್ಣು ಬಿಟ್ಟರೆ ರಾತ್ರಿಯೆಲ್ಲ ಯಾರೋ ಒನಕೆಯಲ್ಲಿ ಕುಟ್ಟಿ, ಕೇರಿ, ಮತ್ತೆ ತಂದು ಹಾಸಿಗೆಯ ಮೇಲೆ ಸುರಿದು ಹೋದ ಹಾಗಿರುತ್ತಿತ್ತು. ಒಂದು ದಿನ ಭುಜ, ಇನ್ನೊಂದು ದಿನ ಸೊಂಟ, ಮತ್ತೊಂದು ದಿನ ಮಣಿಕಟ್ಟು. ಹೊಸ ಜಾಗಕ್ಕೆ ಹೋದ ನೋವು ಹಳೆಯ ಜಾಗವನ್ನಾದರೂ ಬಿಡುತ್ತಿತ್ತೇ ಎಂದರೆ ಅದೂ ಇಲ್ಲ. ಹಳೇ ಮನೆಯ ಬೀಗದ ಕೈ ಕೊಡದೆ ಹೊಸ ಮನೆಯಲ್ಲಿ ಹಾಲುಕ್ಕಿಸುವ ಬಾಡಿಗೆದಾರನ ಹಾಗೆ ಎರಡೂ ಕಡೆ ಠಿಕಾಣಿ ಹೂಡುತ್ತಿತ್ತು.

ಅನಂತಲಕ್ಷ್ಮಿ ರಕ್ತ ಕೊಟ್ಟಳು, ಎಕ್ಸ್‌ರೇ ತೆಗೆಸಿದಳು, ಸುರಂಗದಂಥ ಯಂತ್ರದೊಳಗೆ ಮಲಗಿ ಎದ್ದು ಬಂದಳು. ಎಲ್ಲ ರಿಪೋರ್ಟೂ ನಾರ್ಮಲ್. ಅವಳ ಗಂಡ ಪದ್ಮನಾಭರು ಒಂದು ಸಹಕಾರಿ ಬ್ಯಾಂಕಿನ ಶಾಖೆಯಲ್ಲಿ ಮ್ಯಾನೇಜರು. ಕಾಗದದ ಮೇಲೆ ಇಲ್ಲದ್ದು ಲೋಕದಲ್ಲೂ ಇಲ್ಲ ಎಂಬ ನಂಬಿಕೆಯಿಂದಲೇ ಮೇಲೆ ಬಂದವರು. ಪ್ರತಿ ರಿಪೋರ್ಟನ್ನೂ ಕನ್ನಡಕ ಹಾಕಿಕೊಂಡು ಓದಿ, ‘ನಾರ್ಮಲ್’ ಎಂಬಲ್ಲಿ ಬೆರಳಿಟ್ಟು, ಪರೀಕ್ಷೆಯಲ್ಲಿ ಪಾಸಾದ ಮಗುವಿನ ಬೆನ್ನು ತಟ್ಟುವ ಹಾಗೆ ಹೆಂಡತಿಯ ಭುಜ ತಟ್ಟುತ್ತಿದ್ದರು. (ತಟ್ಟಿದ ಜಾಗ ಮೂರು ದಿನ ನೋಯುತ್ತಿತ್ತು.)

ಕೊನೆಗೆ ಒಬ್ಬ ಡಾಕ್ಟರು ಅವಳ ಮಾತನ್ನು ಪೂರ್ತಿ ಕೇಳಿ ಕಾಯಿಲೆಗೊಂದು ಹೆಸರು ಕೊಟ್ಟರು: ಫೈಬ್ರೊಮಯಾಲ್ಜಿಯಾ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಬೇಗ ಬಿಟ್ಟುಹೋಗುವಂಥದ್ದೂ ಅಲ್ಲ, ಅದರ ಜೊತೆ ಬಾಳುವುದನ್ನು ಕಲಿಯಬೇಕು ಎಂದರು. ಹೊರಗೆ ಬಂದ ಅನಂತಲಕ್ಷ್ಮಿ ಅತ್ತಳು. ಬಾಳಬೇಕಲ್ಲ ಎಂಬ ದುಃಖಕ್ಕಲ್ಲ; ಹೆಸರೊಂದು ಸಿಕ್ಕಿತಲ್ಲ ಎಂಬ ಸಂತೋಷಕ್ಕೆ. ಆ ಸಂತೋಷ ಮನೆ ಸೇರುವಷ್ಟರಲ್ಲಿ ಕರಗಿತು. ಪದ್ಮನಾಭರ ನಾಲಿಗೆಗೆ ಆ ಹೆಸರು ಹೊರಳಲಿಲ್ಲ. ವಿಜಯನಗರದಲ್ಲಿದ್ದ ತಮ್ಮ ಅಕ್ಕ ಗಿರಿಜಾದೇವಿಗೆ ಅವರು ಫೋನಿನಲ್ಲಿ ‘ಫೈಬರ್ ಮಲಯಾಳಿ’ ಎಂದೇನೋ ಹೇಳಿಬಿಟ್ಟರು. ಗಿರಿಜಾದೇವಿ, ನಮ್ಮ ವಂಶದಲ್ಲಿ ಯಾರಿಗೂ ಕೇರಳದ ಕಾಯಿಲೆ ಬಂದಿಲ್ಲ, ಅವಳು ಸುಮ್ಮನೆ ಎದ್ದು ಓಡಾಡಲಿ ಎಂದರು.

ಹೀಗೆ ನೋವೊಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅದರ ಜೊತೆಗೆ ಹೊಟ್ಟೆಯೂ ಮುನಿಸಿಕೊಂಡಿತು. ಊಟವಾದ ಮೇಲೆ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಳ್ಳುತ್ತಿತ್ತು; ರಾತ್ರಿ ಮಲಗಲು ನೋವು ಬಿಟ್ಟರೆ ಹೊಟ್ಟೆ ಬಿಡದು, ಹೊಟ್ಟೆ ಬಿಟ್ಟರೆ ನೋವು ಬಿಡದು. ಹಾಲು ಮೊಸರು ನಿಮಗೆ ಒಗ್ಗುತ್ತಿರಲಿಕ್ಕಿಲ್ಲ, ಕೆಲವು ವಾರ ಬಿಟ್ಟು ನೋಡಿ ಎಂದು ಅದೇ ಡಾಕ್ಟರು ಹೇಳಿದರು. ಬಿಟ್ಟಳು. ನೋವು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಹೊಟ್ಟೆ ತಣ್ಣಗಾಯಿತು. ಇಬ್ಬರು ಶತ್ರುಗಳಲ್ಲಿ ಒಬ್ಬ ಊರು ಬಿಟ್ಟರೆ ಅದನ್ನೇ ವಿಜಯೋತ್ಸವ ಎಂದುಕೊಳ್ಳುವ ಸ್ಥಿತಿಯಲ್ಲಿ ಅವಳಿದ್ದಳು.

ಆದರೆ ನಮ್ಮ ಕಡೆಯ ಮನೆಯೊಂದರಲ್ಲಿ ಹಾಲು ಬಿಡುವುದೆಂದರೆ ಸಂನ್ಯಾಸಕ್ಕಿಂತ ಕಷ್ಟ. ಸಂನ್ಯಾಸಿಗಾದರೂ ಭಿಕ್ಷೆಯಲ್ಲಿ ಮಜ್ಜಿಗೆ ಸಿಗುತ್ತದೆ. ಕಾಫಿಗೆ ಹಾಲು, ಸಾರಿಗೆ ತುಪ್ಪ, ಪಲ್ಯ ಮುಗಿದರೆ ಮಜ್ಜಿಗೆಹುಳಿ, ಬೇಸಿಗೆ ಬಂದರೆ ನೀರುಮಜ್ಜಿಗೆ, ಹಬ್ಬ ಬಂದರೆ ಪಾಯಸ. ಪದ್ಮನಾಭರಿಗಂತೂ ಮೊಸರನ್ನ ಊಟದ ಕೊನೆಯಲ್ಲ, ಊಟದ ಗುರಿ. ಅದಕ್ಕೆ ಮೊದಲು ಎಲೆಗೆ ಬೀಳುವುದೆಲ್ಲ ಅವರ ಪಾಲಿಗೆ ಪೀಠಿಕೆ. ಹೆಂಡತಿಯ ಕ್ಷೀರತ್ಯಾಗದ ಸುದ್ದಿ ಕೇಳಿ ಅವರು ಆಕ್ಷೇಪಿಸಲಿಲ್ಲ. ನೀನು ಬಿಡು, ನನಗೆ ಹಾಕು ಎಂದರು.

ಅಲ್ಲಿಂದ ಎರಡು ಅಡುಗೆ ಶುರುವಾಯಿತು. ಒಂದು ಅಡುಗೆ ಮಾಡಲು ಮೈ ಬಗ್ಗದವಳಿಗೆ ಎರಡು ಅಡುಗೆ. ಅನಂತಲಕ್ಷ್ಮಿ ತನ್ನ ಕೈಗಳನ್ನು ನೋಡಿಕೊಂಡು, ಇವು ಏನು ಮಾಡುತ್ತವೆ, ಏನು ಮಾಡುವುದಿಲ್ಲ ಎಂದು ಹೊಸದಾಗಿ ತಿಳಿದುಕೊಳ್ಳಬೇಕಾಯಿತು. ಕಾಯಿ ತುರಿಯುವುದು ಆಗದು. ಚೂರು ಮಾಡಿ ಮಿಕ್ಸಿಗೆ ಹಾಕುವುದು ಆದೀತು. ತುಂಬಿದ ಕುಕ್ಕರು ಎತ್ತುವುದು ಆಗದು. ಒಲೆಯ ಮೇಲೇ ಇಟ್ಟು ಲೋಟದಿಂದ ನೀರು ಹಾಕುವುದು ಆದೀತು. ನಿಂತು ಒಗ್ಗರಣೆ ಹಾಕುವುದು ಆಗದು. ಪ್ಲಾಸ್ಟಿಕ್ ಕುರ್ಚಿ ತಂದು ಒಲೆಯ ಮುಂದೆ ಕೂತರೆ ಆದೀತು. ಅವಲಕ್ಕಿಯ ಸರದಿ ಬಂದ ದಿನ ಅವಳ ಪಾಲಿಗೆ ಹಬ್ಬ, ಏಕೆಂದರೆ ಅದು ಹುಣಿಸೆರಸದಲ್ಲಿ ತನ್ನಷ್ಟಕ್ಕೆ ತಾನೇ ನೆನೆದು ಯಾರ ಕೈಯನ್ನೂ ನೋಯಿಸದೆ ಊಟವಾಗುತ್ತದೆ. ಹೆಸರುಬೇಳೆ, ಅಕ್ಕಿ, ಕೈಗೆ ಸಿಕ್ಕಿದ ತರಕಾರಿ ಎಲ್ಲ ಒಂದೇ ಕುಕ್ಕರಿಗೆ ಹಾಕಿ, ಮೇಲೆ ತೆಂಗಿನ ಹಾಲು ಸುರಿದರೆ ಅದಕ್ಕೊಂದು ಹೆಸರಿಲ್ಲದ ರುಚಿ ಬರುತ್ತಿತ್ತು. ಕಾಫಿಗೆ ಬೆಲ್ಲ ಹಾಕಿ ಕಪ್ಪಗೆ ಕುಡಿದಳು. ಮೊದಲ ವಾರ ಅದು ಕಷಾಯದ ಹಾಗಿತ್ತು. ಎರಡನೆಯ ವಾರವೂ ಕಷಾಯದ ಹಾಗೇ ಇತ್ತು. ಮೂರನೆಯ ವಾರ ಅವಳಿಗೆ ಕಷಾಯವೇ ರುಚಿಸತೊಡಗಿತು.

ಮೊಸರಿನದೊಂದೇ ತೀರದ ಕೊರಗು. ಕಾಲೇಜಿಗೆ ಹೋಗುವ ಮಗಳು ರಾಗಿಣಿ ಅಮ್ಮನ ಮುಖ ನೋಡಲಾರದೆ ಮೊಬೈಲಿನಲ್ಲಿ ಎಲ್ಲೆಲ್ಲೋ ಹುಡುಕಿ, ಕಡಲೆಕಾಯಿ ಬೀಜದಿಂದ ಮೊಸರು ಮಾಡಬಹುದಂತೆ ಎಂದಳು. ಬೀಜ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಕಾಯಿಸಿ, ಉಗುರುಬೆಚ್ಚಗಿರುವಾಗ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಡಬೇಕು. ಹಿಂಡುವ ಕೆಲಸ ರಾಗಿಣಿಯದು. ಮೊದಲ ಸಲ ಅದು ಮೊಸರಾಗದೆ ಗೋಡೆಗೆ ಬಳಿಯುವ ಸುಣ್ಣದ ನೀರಾಯಿತು. ಎರಡನೆಯ ಸಲದ ವಾಸನೆಗೆ ಬೀದಿಯ ನಾಯಿ ಎದ್ದು ಜಾಗ ಬದಲಾಯಿಸಿತು. ಎಷ್ಟನೆಯ ಸಲವೋ ಏನೋ, ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಬಟ್ಟಲಲ್ಲಿ ಗಟ್ಟಿಯಾಗಿ, ಬೆಳ್ಳಗೆ, ಚಮಚ ಹಾಕಿದರೆ ಕತ್ತರಿಸಿದ ಹಾಗೆ ಏಳುವ ಮೊಸರು ಕೂತಿತ್ತು. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟು ಅನ್ನಕ್ಕೆ ಕಲಸಿ ಬಾಯಿಗಿಟ್ಟಾಗ ಅನಂತಲಕ್ಷ್ಮಿಗೆ ಕಣ್ಣು ಮುಚ್ಚಿಹೋಯಿತು. ಎಷ್ಟೋ ಕಾಲದ ಮೇಲೆ ಒಂದು ಊಟ ಊಟದ ಹಾಗೆ ಮುಗಿದಿತ್ತು.

ಇಷ್ಟಕ್ಕೇ ತೃಪ್ತಿಪಟ್ಟಿದ್ದರೆ ಅವಳ ಕಥೆ ಇಲ್ಲಿಗೆ ಸುಖಾಂತ. ಆದರೆ ಅದಾದ ಕೆಲವು ದಿನಕ್ಕೆ ಅವಳ ಮೈ ತೀರ ಕೈಕೊಟ್ಟಿತು. ಗಂಡನಿಗೆಂದು ಹಾಲು ಕಾಯಿಸಿ ಹೆಪ್ಪು ಹಾಕಲು ಆಗಲಿಲ್ಲ. ಭಾನುವಾರ ಮಧ್ಯಾಹ್ನದ ಊಟಕ್ಕೆ ಕೂತ ಪದ್ಮನಾಭರು ಪೀಠಿಕೆಗಳನ್ನೆಲ್ಲ ಮುಗಿಸಿ, ಗುರಿಯ ಕಡೆ ಮುಖ ಮಾಡಿ ತಟ್ಟೆಯಲ್ಲಿ ಅನ್ನ ಅಗಲ ಮಾಡಿಕೊಂಡು ಕಾದರು. ಮೊಸರಿಲ್ಲ ಎಂದರೆ ಶುರುವಾಗುವ ವಿಚಾರಣೆಯನ್ನು ನೆನೆದೇ ಅನಂತಲಕ್ಷ್ಮಿಗೆ ಭುಜ ಸೆಳೆಯಿತು. ತನ್ನ ಬಟ್ಟಲನ್ನು ತಂದು ಅವರ ಅನ್ನದ ಮೇಲೆ ಬೋರಲು ಹಾಕಿದಳು. ರಾಗಿಣಿ ಉಸಿರು ಬಿಗಿಹಿಡಿದಳು. ಪದ್ಮನಾಭರು ಕಲಸಿದರು, ಉಂಡರು, ಉಪ್ಪಿನಕಾಯಿ ನೆಕ್ಕಿದರು, ಮತ್ತೆ ಹಾಕಿಸಿಕೊಂಡರು, ತೇಗಿದರು. ಇವತ್ತು ಮೊಸರು ಗಟ್ಟಿಯಾಗಿದೆ ಎಂದರು. ಅವರ ಬಾಯಿಂದ ಮದುವೆಯಾದಂದಿನಿಂದ ಬಂದ ಹೊಗಳಿಕೆಗಳಲ್ಲಿ ಇದೇ ಉದ್ದವಾದದ್ದು.

ಅಂದಿನಿಂದ ಆ ಮನೆಯಲ್ಲಿ ಎರಡು ಅಡುಗೆ ನಿಂತಿತು. ಕಾಫಿಯ ಹಾಲನ್ನು ಪದ್ಮನಾಭರೇ ಕಾಯಿಸಿಕೊಳ್ಳುತ್ತಿದ್ದರು, ಮಿಕ್ಕದ್ದೆಲ್ಲ ಒಂದೇ. ಮಜ್ಜಿಗೆಹುಳಿಯೂ ಕಡಲೆಕಾಯಿಯದೇ, ಸೌತೆಕಾಯಿ ಸಾಸಿವೆಯೂ ಕಡಲೆಕಾಯಿಯದೇ, ಪಾಯಸಕ್ಕೆ ತೆಂಗಿನ ಹಾಲು. ಹೇಳಬೇಕಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೆ ಹೇಳಿದರೆ ಅದೇ ಬಟ್ಟಲಿನ ಅದೇ ಮೊಸರಿಗೆ ಒಂದು ವಾಸನೆ ಬರತೊಡಗುತ್ತದೆ ಎಂಬುದು ಗಂಡನನ್ನು ಬಲ್ಲ ಅವಳಿಗೆ ಗೊತ್ತಿತ್ತು. ಸುಮ್ಮನಿದ್ದಳು. ಹಗಲು ಸ್ವಲ್ಪ ಹೊತ್ತು ಮಲಗುವಷ್ಟು ಬಿಡುವು ಸಿಕ್ಕಿತು. ನೋವು ಇದ್ದೇ ಇತ್ತು, ಆದರೆ ನೋವಿನ ಜೊತೆ ಮಲಗುವುದಕ್ಕೂ ನೋವಿನ ಜೊತೆ ನಿಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ.

ತೊಂದರೆ ಬಂದದ್ದು ಕೆಲವು ತಿಂಗಳ ಮೇಲೆ, ಪದ್ಮನಾಭರ ಕಣ್ಣಿನಿಂದ. ಹೆಂಡತಿ ಕಣ್ಣೀರಿಟ್ಟಾಗ ಕಾಣದ ಕಣ್ಣಿಗೆ ಹೆಂಡತಿ ಮೊಸರು ಹಾಕಿಕೊಂಡದ್ದು ಕಂಡುಬಿಟ್ಟಿತು. ಅವರು ಏನೂ ಕೇಳಲಿಲ್ಲ. ಎದ್ದು ಕೈತೊಳೆದು, ಅಕ್ಕನಿಗೆ ಫೋನು ಮಾಡಿ, ಅನಂತು ಮೊಸರು ತಿನ್ನೋಕೆ ಶುರುಮಾಡಿದಾಳೆ, ಎಲ್ಲ ವಾಸಿಯಾದ ಹಾಗಿದೆ ಎಂದು ಶುಭ ವರ್ತಮಾನ ಕೊಟ್ಟರು.

ಗಿರಿಜಾದೇವಿ ಆ ವಾರವೇ ಬಂದರು. ಅರವತ್ತೆಂಟರ ವಯಸ್ಸಿನಲ್ಲೂ ನೆಟ್ಟಗೆ ನಡೆಯುವ, ಕೂತ ಕಡೆ ಒರಗದ ಹೆಂಗಸು. ಹಾಲು ಬಿಟ್ಟ ಸುದ್ದಿ ಕೇಳಿದಾಗ, ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ಹಾಲು ಬಿಟ್ಟೋರು ಬದುಕ್ತಾರಾ ಎಂದು ಆಶೀರ್ವಾದ ಮಾಡಿದ್ದವರು. ಒಲೆಯ ಮುಂದಿನ ಕುರ್ಚಿ ನೋಡಿ, ಇದೇನು ಅಡುಗೆಮನೆಯೋ ಆಫೀಸೋ ಎಂದರು. ಆಮೇಲೆ ಊಟಕ್ಕೆ ಕೂತರು. ಮೊಸರಲ್ಲಿ ಕಲ್ಲು ಹುಡುಕುವುದೇ ಹುಟ್ಟುಗುಣವಾಗಿದ್ದ ಗಿರಿಜಾದೇವಿಗೆ ಅಂದು ಮೊಸರಲ್ಲಿ ಮೊಸರೇ ಇಲ್ಲದ್ದು ಗೊತ್ತಾಗಲಿಲ್ಲ. ಎರಡು ಸಲ ಹಾಕಿಸಿಕೊಂಡು, ನಮ್ಮಮ್ಮನ ಕೈಯ ಮೊಸರು ಹೀಗೇ ಇರುತ್ತಿತ್ತು ಎಂದರು. ಅನಂತಲಕ್ಷ್ಮಿಗೆ ಹಿಗ್ಗು ಉಕ್ಕಿ ಬಾಯಿಯವರೆಗೆ ಬಂತು. ಅಷ್ಟರಲ್ಲಿ ಗಿರಿಜಾದೇವಿ ಕೈ ತೊಳೆದುಕೊಂಡು ಬಂದು, ಅವಳ ತಟ್ಟೆಯನ್ನೊಮ್ಮೆ ನೋಡಿ, ಶಾಂತವಾಗಿ ಹೇಳಿದರು:

“ನೋಡಿದ್ಯಾ ಅನಂತಲಕ್ಷ್ಮಿ, ಮೊಸರು ತಿಂದ್ರೆ ಏನೂ ಆಗ್ಲಿಲ್ಲ. ನಾನು ಮೊದಲೇ ಹೇಳಿದ್ದೆ, ಕಾಯಿಲೆ ಇದ್ದಿದ್ದು ಮನಸ್ಸಲ್ಲಿ ಅಂತ.”

ಉಕ್ಕಿದ ಹಿಗ್ಗು ಅಲ್ಲೇ ಒಡೆಯಿತು. ಅವಳ ಪರಿಸ್ಥಿತಿಯನ್ನು ಸ್ವಲ್ಪ ನೋಡಿ. ಮೊಸರಲ್ಲ ಎಂದರೆ ತಿಂಗಳುಗಟ್ಟಲೆ ಗಂಡನಿಗೆ, ಈಗ ಹಿರಿಯ ಅತ್ತಿಗೆಗೆ ಮೋಸ ಮಾಡಿದವಳಾಗುತ್ತಾಳೆ. ಮೊಸರೇ ಎಂದರೆ ಎಷ್ಟೋ ವರ್ಷ ನರಳಿ ಸಂಪಾದಿಸಿದ ಕಾಯಿಲೆ ಒಂದೇ ಊಟದಲ್ಲಿ ಕೈಬಿಟ್ಟುಹೋಗುತ್ತದೆ. ಅವಳು ಬಾಯಿ ತೆರೆದಳು, ಮುಚ್ಚಿದಳು. ಆ ಮೌನವನ್ನು ಒಪ್ಪಿಗೆ ಎಂದು ತಿಳಿದ ಗಿರಿಜಾದೇವಿ ಮುಂದಿನ ಅಪ್ಪಣೆ ಹೊರಡಿಸಿದರು. ಬರುವ ಹುಣ್ಣಿಮೆಗೆ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಡುಗೆಗೆ ಜನ ಬರುತ್ತಾರೆ, ಆದರೆ ಆ ಅಡುಗೆಯವರ ಮೊಸರು ಹುಳಿ. ಐವತ್ತು ಜನಕ್ಕೆ ಮೊಸರನ್ನ ಅನಂತಲಕ್ಷ್ಮಿಯೇ ಮಾಡಿಕೊಂಡು ಬರಬೇಕು. ಹೇಗೂ ವಾಸಿಯಾಗಿದೆಯಲ್ಲ.

ಅವರು ಹೋದ ಮೇಲೆ ಅನಂತಲಕ್ಷ್ಮಿ ಗೋಡೆಯ ಕಡೆ ತಿರುಗಿ ಮಲಗಿದಳು. ಐವತ್ತು ಜನಕ್ಕೆ ಕಡಲೆಕಾಯಿ ಮೊಸರು ಮಾಡಬೇಕೆಂದರೆ ಮಿಕ್ಸಿಗೂ ಅವಳದೇ ಕಾಯಿಲೆ ಬರುತ್ತದೆ. ರಾಗಿಣಿ ಪಕ್ಕದಲ್ಲಿ ಕೂತು ಕಾಲು ಒತ್ತುತ್ತ, ಅಪ್ಪನಿಗೆ ಹೇಳಿಬಿಡಮ್ಮ ಎಂದಳು. ಹೇಳೋಣ ಎಂದು ಆ ಸಂಜೆ ಗಂಡನ ಮುಂದೆ ಕೂತರೆ, ಅವರು ತಮ್ಮ ಬ್ಯಾಂಕಿನಲ್ಲಿ ಹೆಂಡತಿ ಗುಣವಾದ ಖುಷಿಗೆ ಎಲ್ಲರಿಗೂ ಮೈಸೂರುಪಾಕು ಹಂಚಿ ಬಂದಿದ್ದರು. ಇನ್ನೇನು ಹೇಳುವುದು? ಐವತ್ತು ಜನಕ್ಕಾಗುವಷ್ಟು ಮನೆಯಲ್ಲಿ ಹೆಪ್ಪು ಹಾಕಲು ಪಾತ್ರೆಯಿಲ್ಲ, ಅಂಗಡಿಯ ಮೊಸರನ್ನೇ ತನ್ನಿ ಎಂದಷ್ಟೇ ಹೇಳಿದಳು.

ಪೂಜೆಯ ದಿನ ಪದ್ಮನಾಭರು ಪ್ಯಾಕೆಟ್ ಮೊಸರು ತಂದು, ತೋಳು ಮಡಚಿ, ದೊಡ್ಡ ಪಾತ್ರೆಯಲ್ಲಿ ತಾವೇ ಅನ್ನ ಕಲಸಿದರು. ಹೆಂಡತಿಯ ಮೇಲಿನ ಕರುಣೆಯಿಂದಲ್ಲ; ಅವಳು ಬಾಗಲು ಆಗದೆ ಕಾಲು ಗಂಟೆ ಹಾಗೇ ನಿಂತಿದ್ದನ್ನು ನೋಡಿ ಹೊತ್ತಾಗುತ್ತದೆಂದು. ಅನಂತಲಕ್ಷ್ಮಿ ತನಗೆಂದು ಕಡಲೆಕಾಯಿ ಮೊಸರನ್ನವನ್ನು ಒಂದು ಚಿಕ್ಕ ಸ್ಟೀಲು ಡಬ್ಬಿಯಲ್ಲಿ ತುಂಬಿ ಕೈಚೀಲದೊಳಗೆ ಇಟ್ಟುಕೊಂಡಳು. ವಿಜಯನಗರದವರೆಗಿನ ಆಟೋದಲ್ಲಿ ಪ್ರತಿ ಹಂಪೂ ಅವಳ ಬೆನ್ನುಮೂಳೆಯ ಒಂದೊಂದು ಗಂಟನ್ನೂ ಹೆಸರು ಹಿಡಿದು ಕರೆಯಿತು.

ಪೂಜೆ ಮುಗಿದು ಎಲೆ ಹಾಕಿದರು. ಅನಂತಲಕ್ಷ್ಮಿ ಕೊನೆಯ ಸಾಲಿನ ಮೂಲೆಯ ಎಲೆ ಹಿಡಿದಳು. ಮುಖದ ಮೇಲೆ ನಗು ಇಟ್ಟುಕೊಂಡಿದ್ದಳು, ಅದೂ ನೋಯುತ್ತಿತ್ತು. ಎಲ್ಲರೂ ಬಂದು, ವಾಸಿಯಾಯಿತಂತಲ್ಲ, ಮುಖದಲ್ಲಿ ಕಳೆ ಬಂದಿದೆ ಎಂದು ಹೇಳಿ ಹೋಗುತ್ತಿದ್ದರು. ಪಾಯಸ ಬಡಿಸುತ್ತಿದ್ದಾಗ ಅವಳು ಸೆರಗಿನ ಮರೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದಳು.

ಅದೇ ಹೊತ್ತಿಗೆ ಗಿರಿಜಾದೇವಿ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ಮೊಸರನ್ನವನ್ನು ಅಂಗೈಗೆ ಹಾಕಿಕೊಂಡು ನೋಡಿದ್ದರು. ಹೊರಗೆ ಬಂದಾಗ ಅವರ ಹುಬ್ಬು ಗಂಟಿಕ್ಕಿತ್ತು. ನೇರ ಕೊನೆಯ ಸಾಲಿಗೆ ನಡೆದರು. ಡಬ್ಬಿಯನ್ನು ಕಂಡರು. ಕೇಳದೆ ಎತ್ತಿಕೊಂಡು, ಒಂದು ಚಮಚ ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಬಂದೋರಿಗೆಲ್ಲ ಪ್ಯಾಕೆಟ್ ಮೊಸರು, ತನಗೆ ಮಾತ್ರ ಮನೆ ಗಟ್ಟಿ ಮೊಸರು. ಡಬ್ಬೀಲಿ ಬಚ್ಚಿಟ್ಕೊಂಡು ಬಂದಿದೀಯಲ್ಲ ಅನಂತಲಕ್ಷ್ಮಿ, ನಮ್ಮ ಮನೇಲಿ ಯಾರೂ ಹೀಗೆ ಭೇದ ಮಾಡಿದೋರಲ್ಲ.”

ಸಾಲಿಗೆ ಸಾಲೇ ತಿರುಗಿ ನೋಡಿತು. ಸುಳ್ಳುಗಾತಿ ಎನ್ನಿಸಿಕೊಳ್ಳಲು ಅನಂತಲಕ್ಷ್ಮಿ ಮನಸ್ಸಿನಲ್ಲೇ ಎಂದೋ ಸಿದ್ಧವಾಗಿದ್ದಳು. ಹೊಟ್ಟೆಬಾಕಿ ಎನ್ನಿಸಿಕೊಳ್ಳುವುದು ಮಾತ್ರ ಅವಳ ಲೆಕ್ಕದಲ್ಲಿರಲಿಲ್ಲ.

“ಅದು ಮೊಸರಲ್ಲ ಅತ್ತಿಗೆ,” ಎಂದಳು.

“ಮತ್ತೇನು?”

“ಕಡಲೆಕಾಯಿ ಬೀಜ. ನೀವು ಅವತ್ತು ಮನೇಲಿ ತಿಂದಿದ್ದೂ ಅದೇ.” ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಮಾತು ನಿಲ್ಲಲಿಲ್ಲ. “ನಂಗೆ ವಾಸಿಯಾಗಿಲ್ಲ. ಹಾಲು ನಂಗೆ ಆಗಲ್ಲ. ಎರಡೆರಡು ಅಡುಗೆ ಮಾಡೋಕೆ ಕೈಲಾಗದೆ ಎಲ್ಲರಿಗೂ ಇದನ್ನೇ ಹಾಕ್ದೆ. ಈಗ ಇಲ್ಲಿ ಕೂತಿದೀನಲ್ಲ, ಈಗ್ಲೂ ನೋಯ್ತಾ ಇದೆ. ನಿಮ್ಮ ಜೊತೆಯೆಲ್ಲ ನಗ್ತಾ ಮಾತಾಡ್ದಾಗ್ಲೂ ನೋಯ್ತಾ ಇತ್ತು.”

ಪಾಯಸದ ಸೌಟು ಗಾಳಿಯಲ್ಲೇ ನಿಂತಿತು. ಎಷ್ಟೋ ವರ್ಷಗಳಿಂದ ಹೇಳಬೇಕೆಂದಿದ್ದದ್ದನ್ನು ಐವತ್ತು ಜನರ ಮುಂದೆ ಒಂದೇ ಉಸಿರಿನಲ್ಲಿ ಹೇಳಿಯಾಗಿತ್ತು. ಈಗಲಾದರೂ ಯಾರಾದರೂ ಏನಾದರೂ ಹೇಳಿಯಾರು ಎಂದು ಅವಳು ತಲೆ ತಗ್ಗಿಸಿ ಕಾದಳು. ಮಾತು ಬಂದದ್ದು ಎದುರು ಸಾಲಿನಲ್ಲಿ, ತುತ್ತು ಹಿಡಿದು ಕೂತಿದ್ದ ಪದ್ಮನಾಭರಿಂದ.

“ಹಾಗಾದ್ರೆ ಇಷ್ಟು ತಿಂಗಳು ನಾನು ತಿಂದಿದ್ದು?”

ಅವರ ಪಕ್ಕದಲ್ಲಿ ಗಿರಿಜಾದೇವಿಯ ನೆರೆಮನೆಯ ಹಿರಿಯರು ಮುನಿರಾಮಯ್ಯನವರು ಕೂತಿದ್ದರು. ಅವರು ಯೋಚಿಸಿ, “ಚಟ್ನಿ ಸ್ವಾಮಿ,” ಎಂದರು. “ಹುಳಿ ಬಂದಿರೋ ಚಟ್ನಿ.”

ಅಲ್ಲಿಗೆ ನೋವಿನ ವಿಷಯ ಮುಗಿಯಿತು. ಉಳಿದ ಊಟವೆಲ್ಲ ಕಡಲೆಕಾಯಿಯದೇ ಮಾತು. ಹಸಿ ಬೀಜವೋ ಹುರಿದದ್ದೋ, ತೊಟ್ಟು ಎಷ್ಟು ಹಾಕಬೇಕು, ಇದನ್ನು ಕಡೆದರೆ ಬೆಣ್ಣೆ ಬರುತ್ತದೆಯೇ, ಏಕಾದಶಿಗೆ ನಡೆಯುತ್ತದೆಯೇ. ಗಿರಿಜಾದೇವಿ ಮಾತ್ರ ಡಬ್ಬಿ ಹಿಡಿದುಕೊಂಡು ಒಳಗೆ ಹೋದರು. ಡಬ್ಬಿ ಹೊರಗೆ ಬರಲಿಲ್ಲ. ಅನಂತಲಕ್ಷ್ಮಿ ಬರೀ ಕೋಸಂಬರಿ ತಿಂದು ಎದ್ದಳು.

ವಾಪಸು ಬರುವಾಗ ಆಟೋ ಹಾವನೂರು ಸರ್ಕಲ್ ತಲುಪಿದಾಗ ಪದ್ಮನಾಭರು ನೊಂದ ದನಿಯಲ್ಲಿ, “ನಂಗೆ ಒಂದು ಮಾತು ಹೇಳಬಹುದಿತ್ತು,” ಎಂದರು.

“ದಿನಾ ಹೇಳ್ತಾನೇ ಇದ್ನಲ್ಲ ರೀ, ನೋವು ಅಂತ.”

“ನೋವಿನ ವಿಷಯ ಅಲ್ಲ. ಮೊಸರಿನ ವಿಷಯ.”

ಅನಂತಲಕ್ಷ್ಮಿ ಹೊರಗೆ ನೋಡಿದಳು. ಸಿಗ್ನಲ್ಲು ಕೆಂಪಾಗಿತ್ತು.

ಆಮೇಲಿನ ದಿನಗಳು ಆ ಮನೆಯಲ್ಲಿ ಸೂತಕದ ದಿನಗಳು. ಪದ್ಮನಾಭರು ಬ್ಯಾಂಕಿನಿಂದ ಬರುವಾಗ ತಾವೇ ಮೊಸರಿನ ಪ್ಯಾಕೆಟ್ ತಂದು, ತಾವೇ ಕತ್ತರಿಸಿ, ಮೂಸಿ ನೋಡಿ, ತಟ್ಟೆಗೆ ಸುರಿದುಕೊಳ್ಳುತ್ತಿದ್ದರು. ಮೈಸೂರುಪಾಕು ತಿಂದ ಸಹೋದ್ಯೋಗಿಗಳಿಗೆ ಏನು ಹೇಳಬೇಕೆಂಬುದು ಅವರ ಇನ್ನೊಂದು ಚಿಂತೆ. ಹೀಗೇ ವಾರ ಕಳೆಯಿತು. ಒಂದು ರಾತ್ರಿಯೂಟದಲ್ಲಿ ಅವರು ಪ್ಯಾಕೆಟ್ಟನ್ನು ಪಕ್ಕಕ್ಕಿಟ್ಟು, ಇದು ಒಂಥರಾ ತೆಳು, ಆ ನಿನ್ನ ಇದಿದ್ದರೆ ಸ್ವಲ್ಪ ಹಾಕು ಎಂದರು. ಹಾಕಿದಳು. ಅದಕ್ಕಿಂತ ಹೆಚ್ಚಿನ ಸಂಧಾನ ಆ ದಾಂಪತ್ಯದಲ್ಲಿ ಹಿಂದೆಯೂ ನಡೆದಿರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಮನೆಯ ಮುಂದೆ ಆಟೋ ನಿಂತು ಗಿರಿಜಾದೇವಿ ಇಳಿದರು. ಕೈಯಲ್ಲಿ ಬಟ್ಟೆಯ ಚೀಲ. ಬೈಸಿಕೊಳ್ಳಲು ಸಿದ್ಧಳಾಗಿ ಅನಂತಲಕ್ಷ್ಮಿ ಬಾಗಿಲ ಹತ್ತಿರ ನಿಂತಳು. ಗಿರಿಜಾದೇವಿ ಒಳಗೆ ಬಂದು, ಎಂದೂ ಒರಗದ ಆ ಹೆಂಗಸು, ಸೋಫಾಕ್ಕೆ ಪೂರ್ತಿ ಒರಗಿ ಕೂತರು.

“ಅವತ್ತು ರಾತ್ರಿ ನಾನು ಊಟಕ್ಕೆ ಬೇರೇನೂ ತಿನ್ಲಿಲ್ಲ. ಆ ಡಬ್ಬೀಲಿದ್ದಿದ್ದಷ್ಟೇ,” ಎಂದರು. “ಚೆನ್ನಾಗಿ ನಿದ್ದೆ ಬಂತು. ಹೊಟ್ಟೆ ಹಿಡ್ಕೊಳ್ಲಿಲ್ಲ. ಹಾಲು ಮೊಸರು ಅಂದ್ರೆ ನಂಗೂ ಹೊಟ್ಟೆ ಹಿಡ್ಕೊಳತ್ತೆ ಕಣೇ. ಮದುವೆಯಾಗಿ ಬಂದಾಗಿಂದ.”

“ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ವಾ ಅತ್ತಿಗೆ?”

“ಯಾರಿಗೆ ಹೇಳ್ಲಿ? ನಮ್ಮತ್ತೆ ಎಮ್ಮೆ ಕಟ್ಟಿದ್ರು.”

ಅನಂತಲಕ್ಷ್ಮಿ ಮೆಲ್ಲಗೆ ಅವರ ಪಕ್ಕದಲ್ಲಿ ಕೂತಳು. ಗಿರಿಜಾದೇವಿ ಅವಳ ಕೈಯನ್ನು ನೋಡಿದರು, ತಟ್ಟಲಿಲ್ಲ, ಮುಟ್ಟಲೂ ಇಲ್ಲ. ಬರೀ ಕೇಳಿದರು: “ನಿಂಗೆ ನೋವು ಬೆಳಿಗ್ಗೆ ಜಾಸ್ತಿನೋ, ರಾತ್ರಿನೋ?”

ಹೀಗೆ ಅವಳನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಎಂದಳು. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹೇಳಿದಳು: ಬಳೆಯ ಭಾರವೂ ಆಗದ ದಿನಗಳು, ಬಚ್ಚಲಲ್ಲಿ ಚೊಂಬು ಎತ್ತಲಾರದೆ ನಿಂತದ್ದು, ನಿದ್ದೆ ಮಾಡಿ ಎದ್ದರೂ ನಿದ್ದೆ ಮಾಡಿದಂತಾಗದ ದಣಿವು. ಗಿರಿಜಾದೇವಿ ಗಮನವಿಟ್ಟು ಕೇಳಿದರು. ಒಂದೊಂದಕ್ಕೂ ತಲೆಯಾಡಿಸಿ ‘ನನಗೂ’ ಎಂದರು. ಎಷ್ಟೋ ವರ್ಷ ಒಂಟಿಯಾಗಿ ನಡೆದ ದಾರಿಯಲ್ಲಿ ಒಬ್ಬರು ಜೊತೆಗೆ ಸಿಕ್ಕರಲ್ಲ ಎಂದು ಅನಂತಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆಯ ಹೊತ್ತಿಗೆ ಆ ‘ನನಗೂ’ ಎಂಬುದು ಬೆಳೆದು ‘ನನಗೇ’ ಆಗಿತ್ತು. ಲೆಕ್ಕ ಹಾಕಿ ನೋಡಿದರೆ ಈ ಕಾಯಿಲೆ ಗಿರಿಜಾದೇವಿಗೆ ಮೊದಲು ಬಂದದ್ದು. ಹಿರಿತನದ ಪ್ರಕಾರವೂ ಅವರದೇ ಹೆಚ್ಚು. ಡಾಕ್ಟರ ಹತ್ತಿರ ಹೋಗುವುದು ಆಮೇಲಾಯಿತು, ಸದ್ಯಕ್ಕೆ ಈ ಮನೆಯ ಊಟ ಅವರಿಗೆ ಹಿಡಿಸಿದೆ, ಮಗ ಸೊಸೆಗೆ ಹೇಳಿ ಬಂದಿದ್ದಾರೆ, ಕೆಲವು ತಿಂಗಳು ಇಲ್ಲೇ ಇರುತ್ತಾರೆ. ಬ್ಯಾಂಕಿನಿಂದ ಬಂದ ಪದ್ಮನಾಭರಿಗೆ ಅವರು ಕಾಯಿಲೆಯ ಪೂರ್ತಿ ಹೆಸರನ್ನು ಒಂದಕ್ಷರ ತಪ್ಪದೆ ಹೇಳಿದರು. ಪದ್ಮನಾಭರು ರಿಪೋರ್ಟು ಕೇಳಲಿಲ್ಲ. ಬ್ಯಾಗು ಕೆಳಗಿಟ್ಟು, ಅಕ್ಕನ ಕಾಲ ಹತ್ತಿರ ಕೂತು, ಕಣ್ಣು ತುಂಬಿಕೊಂಡರು. ಆಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸಿ, ಪಾಪ ಈ ವಯಸ್ಸಲ್ಲಿ ಅಕ್ಕನಿಗೆ ಎಂಥ ಕಾಯಿಲೆ ನೋಡು, ನಿನ್ನದಾದರೆ ಅಭ್ಯಾಸವಾಗಿದೆ ಎಂದರು.

ಅನಂತಲಕ್ಷ್ಮಿ ಡಬ್ಬದಿಂದ ಕಡಲೆಕಾಯಿ ಬೀಜ ತೆಗೆದು ನೆನೆಹಾಕಿದಳು. ಒಂದು ಕ್ಷಣ ನಿಂತು, ಇನ್ನೂ ಅಷ್ಟು ಹಾಕಿದಳು. ಒಳಗೆ ಅವಳದೇ ಮಂಚದಿಂದ, ಅವಳದೇ ಎರಡು ದಿಂಬುಗಳ ನಡುವಿನಿಂದ ಗಿರಿಜಾದೇವಿಯ ದನಿ ಬಂತು. ಆ ದನಿಯಲ್ಲಿ ಹಿಂದೆಂದೂ ಇಲ್ಲದಿದ್ದ ಕರುಣೆ ತುಂಬಿ ತುಳುಕುತ್ತಿತ್ತು.

“ಅನಂತಲಕ್ಷ್ಮಿ, ನಿಂಗೆಷ್ಟು ನೋವಿರತ್ತೆ ಅಂತ ನಂಗೆ ಗೊತ್ತಮ್ಮ. ಅವಸರ ಮಾಡ್ಬೇಡ. ನಿಧಾನಕ್ಕೆ ಮಾಡ್ಕೊಂಡು ಬಾ.”